ನೀರುನಾಯಿಗೆ ಕಟ್ಟಿದ ಕಳ್ಳಪಟ್ಟ

ಪ್ಲಾಸ್ಟರಿನಲ್ಲಿ ಅಚ್ಚು ತೆಗೆದ ಹೆಜ್ಜೆಗುರುತನ್ನು ಅವಳು ಅವನ ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಕಾಫಿ ಲೋಟ ಅಲುಗಾಡಿತು.

ಅವಳು ನದಿಯ ನೀರುನಾಯಿಗಳ ಬೆನ್ನುಹತ್ತಿದವಳು. ಅವನು ಮರಳ ದಿಬ್ಬದಲ್ಲಿ ಮೊಟ್ಟೆಯಿಡುವ ರೀವಹಕ್ಕಿಗಳನ್ನು ಕಾಯುವವನು. ಆಫೀಸು ಒಂದೇ, ನದಿ ಒಂದೇ, ಎರಡೂ ಅಳಿವಿನಂಚಿನ ಜೀವಗಳೇ. ಆದರೂ ಬೆಳಿಗ್ಗೆ ಮೀಟಿಂಗಿನಲ್ಲಿ ಈ ಮಹಾಶಯ, ದಿಬ್ಬದ ಮೇಲಿನ ಈ ಹೆಜ್ಜೆಗುರುತನ್ನೇ ನಂಬಿ, ಮೊಟ್ಟೆ ತಿಂದದ್ದು ನೀರುನಾಯಿ ಎಂದು ತಣ್ಣಗೆ ಹೇಳಿಬಿಟ್ಟಿದ್ದ. ಡೈರೆಕ್ಟರು, "ಹಾಗಾದ್ರೆ ಅವನ್ನ ಹಿಡಿದು ಬೇರೆ ಕಡೆ ಸಾಗ್ಸಿ," ಎಂದಿದ್ದರು. ಬಿಲದಲ್ಲಿ ಇನ್ನೂ ಕಣ್ಣು ಬಿಡದ ಮರಿಗಳಿದ್ದವು.

"ಬೆರಳು ಎಣಿಸಿ."

"ನಾಲ್ಕು."

"ನೀರುನಾಯಿಗೆ ಎಷ್ಟು?"

ಅವನು ಪೆಚ್ಚಾದ. "ಐದು... ಮರಳಲ್ಲಿ ಒಂದು ಮೂಡಿಲ್ಲ ಅಂದ್ಕೊಂಡೆ."

"ಅಂದ್ಕೊಂಡ್ರಾ! ರೆಕ್ಕೆ ಇರೋ ನಿಮ್ಮ ಮಹಾರಾಣಿ ಇನ್ನೊಂದು ದಿಬ್ಬ ನೋಡ್ಕೊಳ್ತಾಳೆ. ನನ್ನ ಮರಿಗಳು ಎಲ್ಲಿಗೆ ಹೋಗ್ಬೇಕು?"

"ಇನ್ನೊಂದು ದಿಬ್ಬ ಎಲ್ಲಿದೆ ರೀ?" ಅವನೂ ಸಿಡಿದ. "ಮರಳೆಲ್ಲ ಲಾರಿ ಹತ್ತಿ ಹೋಗಿದೆ!"

ಹಾಳಾದ್ದು, ಸಿಟ್ಟಿನಲ್ಲೂ ಅವನ ಕಣ್ಣು ಚೆಂದವೇ. ಅವಳಿಗೆ ತನ್ನ ಮೇಲೇ ರೇಗಿತು.

"ಇದು ನಿಮ್ಮ ಕರಿಯನ ಹೆಜ್ಜೆ. ಬಿಸ್ಕತ್ತು ಹಾಕಿ ಸಾಕಿದ್ದೀರಲ್ಲ, ಆ ನಾಯಿದು. ಸಂಜೆ ನಿಮ್ಮ ಹಿಂದೇನೇ ದಿಬ್ಬಕ್ಕೆ ಬಂದು ಮೊಟ್ಟೆ ಮುಕ್ಕಿದೆ. ಹಕ್ಕಿ ಎಣಿಸೋದು ಬೆಳಿಗ್ಗೇನೇ ಮುಗಿಯುತ್ತೆ. ಸಂಜೆ ಅಲ್ಲಿ ನಿಮಗೇನು ಕೆಲ್ಸ?"

ಅವನು ಕಿವಿಯವರೆಗೂ ಕೆಂಪಾದ. "ಅಲ್ಲಿಂದ ಆಚೆ ದಡ ಕಾಣುತ್ತೆ. ದುರ್ಬೀನು ಹಿಡ್ಕೊಂಡು ಬಂಡೆ ಮೇಲೆ ಕೂತಿರ್ತೀರಲ್ಲ... ನೋಡ್ತಾ ನಿಲ್ತಿದ್ದೆ."

ಅವಳ ಎದೆ ಒಂದು ಕ್ಷಣ ಹಗುರಾಯಿತು. ಮರುಕ್ಷಣವೇ ಒಡೆದ ಮೊಟ್ಟೆಚಿಪ್ಪುಗಳು ನೆನಪಾಗಿ ಮೈಯೆಲ್ಲ ಉರಿಯಿತು. ಇವನ ಕದ್ದು ನೋಡುವ ಚಪಲಕ್ಕೆ ಹಕ್ಕಿಯ ಸಂಸಾರ ಹಾಳು, ನೀರುನಾಯಿಗೆ ಗಡೀಪಾರು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ ಅಲ್ಲವೇ?

"ಇಷ್ಟ ಇದ್ರೆ ಬಾಯಿಬಿಟ್ಟು ಹೇಳ್ಬೇಕಪ್ಪಾ! ಮೊದ್ಲು ಡೈರೆಕ್ಟರಿಗೆ ಫೋನ್ ಮಾಡಿ."

ಅವನು ಸ್ಪೀಕರ್ ಹಾಕಿಯೇ ಮಾಡಿದ. "ಸಾರ್, ನೀರುನಾಯಿದು ತಪ್ಪಿಲ್ಲ. ತಿಂದಿದ್ದು ನನ್ನ ನಾಯಿ. ತಪ್ಪು ನಂದು."

ಆಚೆಯಿಂದ ಬೈಗುಳದ ಸುರಿಮಳೆ. ಅವನು ನೆಪ ಹೇಳದೆ ಎಲ್ಲವನ್ನೂ ಕೇಳಿಸಿಕೊಂಡ. ಕೊನೆಗೆ, "ಹಿಡಿಯೋದು ಬೇಡ ಬಿಡಿ," ಎಂಬ ಮಾತು ಬಂದಾಗ ಅವಳ ಕಣ್ಣು ತುಂಬಿತು.

"ಇನ್ಮೇಲೆ ಸಂಜೆ ಆ ದಿಬ್ಬಕ್ಕೆ ಕಾಲಿಟ್ರೆ ನೋಡಿ!" ಫೋನ್ ಇಟ್ಟದ್ದೇ ಅವಳು ಗದರಿದಳು.

"ಇಲ್ಲ," ಎಂದ ಅವನು. ಮುಖ ಬಾಡಿತ್ತು.

"ಕರಿಯನ್ನ ಕಟ್ಟಿಹಾಕಿ ಆಚೆ ದಡಕ್ಕೇ ಬನ್ನಿ. ಪಕ್ಕದಲ್ಲೇ ಕೂತು ನೋಡಿ." ಅವಳು ಮೂಗು ಒರೆಸಿಕೊಂಡಳು. "ಬೈಯೋದು ಇನ್ನೂ ಮುಗಿದಿಲ್ಲ ನಂದು."