ನಡತೆಯ ಕುರಿತು

ನಗರಸಭೆಯ ಮೂರನೇ ಮಹಡಿಯ ಮೆಟ್ಟಿಲಲ್ಲಿ ನನ್ನ ಕಾಲರ್ ಹಿಡಿದವನ ಕೈ ನನ್ನ ತೊಡೆಯಷ್ಟು ದಪ್ಪವಿತ್ತು.

"ಅರ್ಜಿ ಎಲ್ಲಿ?"

"ಯಾವ ಅರ್ಜಿ?"

ಹೊಟ್ಟೆಗೆ ಒಂದು ಗುದ್ದು ಬಿತ್ತು. ಯಾವ ಅರ್ಜಿ ಅಂತ ತಕ್ಷಣ ನೆನಪಾಯಿತು...

ಕಾಲರನ್ನು ಅವನ ಕೈಯಲ್ಲೇ ಬಿಟ್ಟು, ಉಳಿದ ಅಂಗಿಯೊಂದಿಗೆ ಕೆಳಗೆ ಓಡಿದೆ. ಗಂಟೆ ನಾಲ್ಕೂ ಮುಕ್ಕಾಲು. ಐದಕ್ಕೆ ನಗರಸಭೆ ಬಾಗಿಲು ಹಾಕುತ್ತದೆ. ಕೌನ್ಸಿಲರ್ ಮೇಲಿನ ದೂರು ಮೂವತ್ತು ದಿನದೊಳಗೆ ದಾಖಲಾಗಬೇಕು. ಅವತ್ತು ಮೂವತ್ತನೆಯ ದಿನ.

ನಾನು ಯಾರು ಅಂದಿರಾ? ಅದೇ ಕಚೇರಿಯ ಗೇಟಿನ ಪಕ್ಕ ಟೈಪ್‌ರೈಟರ್ ಇಟ್ಟುಕೊಂಡು ಕೂತವನು. ಹದಿನೆಂಟು ವರ್ಷದಿಂದ ಜನರ ಅರ್ಜಿ ಬರೆಯುತ್ತೇನೆ, ಫೈಲು ಓಡಿಸುತ್ತೇನೆ. ಒಳಗೆ ಯಾವ ಫ್ಯಾನ್ ತಿರುಗುವುದಿಲ್ಲ, ಯಾವ ಗುಮಾಸ್ತ ತಿರುಗಿ ನೋಡುವುದಿಲ್ಲ, ಎಲ್ಲ ಗೊತ್ತು.

ಈ ಅರ್ಜಿ ಮಾತ್ರ ನನ್ನ ಅಕ್ಕನದು. ಟೈಲರ್ ಅವಳು. ವಾರ್ಡ್ ಸಭೆಯಲ್ಲಿ ಎದ್ದು ನಿಂತು, "ಚರಂಡಿ ನೀರು ಅಂಗಡಿಯೊಳಗೆ ಬರ್ತಿದೆ, ಯಾವಾಗ ಸರಿ ಮಾಡಿಸ್ತೀರಿ?" ಅಂತ ಕೇಳಿದಳು. ಕೌನ್ಸಿಲರ್ ವೇದಿಕೆಯಿಂದ ಇಳಿದು ಬಂದು ಅವಳ ಕೆನ್ನೆಗೆ ಬಾರಿಸಿದ. ನಲವತ್ತು ಜನ ಇದ್ದರು. ಮರುದಿನ ವಿಚಾರಿಸಿದರೆ, ನಲವತ್ತು ಜನರೂ ಆ ಹೊತ್ತಿಗೆ ಬಗ್ಗಿ ಚಪ್ಪಲಿ ಹುಡುಕುತ್ತಿದ್ದರಂತೆ.

ಅವತ್ತಿನಿಂದ ಅಕ್ಕ ಹೊಲಿಗೆ ಮಿಷನ್ ಮುಂದೆ ಕೂತಿಲ್ಲ. "ಅವನು ಹೊಡೆದದ್ದು ನಿಜ ಅಂತ ಒಂದು ಕಾಗದದ ಮೇಲೆ ಬರ್ಲಿ ಕಣೋ. ಅಷ್ಟು ಸಾಕು," ಅಂದಳು. ನಾನು ಟೈಪ್‌ರೈಟರಿಗೆ ಕಾಗದ ಸಿಕ್ಕಿಸಿದೆ.

ಮೆಟ್ಟಿಲಿಳಿದು ಬಂದು ನೋಡಿದರೆ ದೂರು ವಿಭಾಗಕ್ಕೆ ಬೀಗ. ಅಲ್ಲಿನ ಗುಮಾಸ್ತ ಕೌನ್ಸಿಲರ್‌ನ ಭಾವಮೈದ. ಮಧ್ಯಾಹ್ನವೇ ಅವನಿಗೆ ತಲೆನೋವು ಬಂದಿತ್ತು.

ಮೆಟ್ಟಿಲ ಮೇಲೆ ಬೂಟಿನ ಸದ್ದು...

ಎದುರಿಗೆ ನಾಲ್ಕನೇ ಕೌಂಟರ್. ಕೆಲಸ ಹುಡುಕುವವರಿಗೆ ನಡತೆ ಪ್ರಮಾಣಪತ್ರ ಕೊಡುವ ಜಾಗ. ಅಲ್ಲಿನ ಗುಮಾಸ್ತನನ್ನು ಕಚೇರಿಯೆಲ್ಲ ಸೀಲಪ್ಪ ಎಂದೇ ಕರೆಯುತ್ತದೆ. ವಿಷಯದ ಸಾಲು ದಾಟಿ ಕೆಳಗೆ ಅವನು ಓದಿದ್ದನ್ನು ಯಾರೂ ಕಂಡಿಲ್ಲ.

ಅರ್ಜಿ ಒಳಗೆ ತಳ್ಳಿದೆ. 'ವಿಷಯ: ನಡತೆಯ ಕುರಿತು.'

"ನಡತೆ ತಾನೇ? ನಮ್ದೇ," ಅಂದ ಸೀಲಪ್ಪ.

ದಬ್! ಸ್ವೀಕೃತಿ ಸೀಲು. ನಂಬರು. ತಾರೀಖು. ನನಗೆ ಬೇಕಾಗಿದ್ದದ್ದು ಅಷ್ಟೇ. ಕೈ ಚಾಚಿದೆ.

ಅವನ ಕೈ ನಿಲ್ಲಲಿಲ್ಲ. ಅಭ್ಯಾಸಬಲ. ಅರ್ಜಿಯ ಕೆಳಗೆ ಎರಡನೆಯ ಸೀಲೂ ಬಿತ್ತು. 'ಮೇಲ್ಕಂಡ ನಡತೆಯು ನನಗೆ ಖುದ್ದಾಗಿ ತಿಳಿದಿದ್ದು, ನಿಜವೆಂದು ದೃಢೀಕರಿಸುತ್ತೇನೆ. ವಾರ್ಡ್ ಕೌನ್ಸಿಲರ್.' ಕಾಗದ ಸಹಿಯ ಕಟ್ಟಿಗೆ ಸೇರಿತು.

"ಅದು ವಾಪಸ್ ಕೊಡಿ ಸೀಲಪ್ಪನೋರೇ..."

"ಸಹಿ ಆಗ್ದೆ ಕೊಡಕ್ಕಾಗಲ್ಲ."

ಆಗಲೇ ಬಾಗಿಲಲ್ಲಿ ಕೌನ್ಸಿಲರ್ ಪ್ರತ್ಯಕ್ಷನಾದ. ಗರಿಗರಿ ಬಿಳಿ ಬಟ್ಟೆ, ಮೂಗಿಗೆ ಬಡಿಯುವ ಸೆಂಟು. ಹಿಂದೆ ಆ ದಪ್ಪಕೈಯವನು, ಇನ್ನೂ ನನ್ನ ಕಾಲರ್ ಹಿಡಿದುಕೊಂಡು.

"ಏನಯ್ಯಾ, ನನ್ನ ಮೇಲೇ ಅರ್ಜಿನಾ?"

ಸೀಲಪ್ಪ ಎದ್ದು ನಿಂತ. "ಸಾರ್, ಹೇಗೂ ಬಂದಿದೀರಿ... ನಾಲ್ಕು ಸಹಿ ಇತ್ತು."

ಕೌನ್ಸಿಲರ್ ಕೂತ. ಪೆನ್ನು ಕಾಗದದ ಮೇಲೆ, ಕಣ್ಣು ನನ್ನ ಮೇಲೆ.

"ಆ ಅರ್ಜಿ ಯಾವ ಟೇಬಲ್ಲಿಗೂ ಹೋಗ್ಬಾರ್ದು." ಸಹಿ.

"ಹೋದ್ರೆ ಗೇಟಿನ ಹತ್ರ ನಿನ್ನ ಟೈಪ್‌ರೈಟರ್ ಇರಲ್ಲ." ಸಹಿ.

"ನೀನೂ ಇರಲ್ಲ." ಸಹಿ.

ನಾಲ್ಕನೆಯದು ನಮ್ಮದು.

"ಅರ್ಥ ಆಯ್ತಾ?"

"ಆಯ್ತು ಸಾರ್," ಅಂದೆ.

ಸಹಿ.

ದಪ್ಪಕೈಯವನು ನನ್ನ ಜೇಬುಗಳನ್ನೆಲ್ಲ ತಡಕಿದ. ಒಂದು ಬಾಚಣಿಗೆ ಸಿಕ್ಕಿತು. ಇಬ್ಬರೂ ನಗುತ್ತಾ ಹೋದರು. ಸೀಲಪ್ಪ ಅರ್ಜಿಯನ್ನು ನನ್ನ ಕೈಗಿಟ್ಟ. ಐದಕ್ಕೆ ಎರಡು ನಿಮಿಷವಿತ್ತು. ಕಮಿಷನರ್ ಕೋಣೆಗೆ ಎದ್ದೆನೋ ಬಿದ್ದೆನೋ ಅಂತ ಓಡಿದೆ.

ಮರುದಿನ ಕಮಿಷನರ್ ಎಲ್ಲರನ್ನೂ ಕರೆಸಿದರು. ಅಕ್ಕ ನನ್ನ ತೋಳು ಬಿಗಿಯಾಗಿ ಹಿಡಿದು ನಿಂತಿದ್ದಳು. ಕಮಿಷನರ್ ಮೇಡಂ ಕಾಗದವನ್ನು ಎರಡು ಸಲ ಓದಿದರು.

"ನೀವು ಈಕೆಗೆ ಹೊಡೆದದ್ದು ನಿಜ ಅಂತ ನೀವೇ ದೃಢೀಕರಿಸಿದೀರಲ್ಲ?"

ಕೌನ್ಸಿಲರ್ ಕಾಗದ ನೋಡಿದ. ಮುಖ ಅವನ ಬಟ್ಟೆಗಿಂತ ಬಿಳಿಯಾಯಿತು. "ಮೇಡಂ, ಅದು... ಓದದೇ ಸಹಿ ಹಾಕ್ಬಿಟ್ಟೆ."

"ಓದದೇ?" ಮೇಡಂ ಕನ್ನಡಕ ತೆಗೆದರು. "ಹಾಗಿದ್ರೆ ಹನ್ನೊಂದು ವರ್ಷದಲ್ಲಿ ನೀವು ಸಹಿ ಹಾಕಿದ ಫೈಲೆಲ್ಲ ಹೊರಗೆ ತೆಗೆಸ್ಬೇಕಾಗುತ್ತೆ. ಈಗ ನಾನು ಯಾವುದನ್ನ ಬರ್ಕೊಳ್ಳಲಿ?"

ಅವನು ಅಕ್ಕನ ಕಡೆ ನೋಡಿದ. ಫೈಲುಗಳ ಕಪಾಟಿನ ಕಡೆ ನೋಡಿದ. ಮತ್ತೆ ಅಕ್ಕನ ಕಡೆ ನೋಡಿದ.

"ಹೊಡೆದದ್ದು ನಾನೇ ಮೇಡಂ," ಅಂದ. "ಓದಿಯೇ ಸಹಿ ಹಾಕಿದೀನಿ."