ಮೂರನೆಯ ಒಳಬಗೆಯವರು

ಇಂದುಮತಿಯ ಬೆರಳ ತುದಿಯಿಂದ ಒಂದು ಹನಿ ರಕ್ತ ಹೀರಿಕೊಂಡ ಒಳಬಗೆ ಶೋಧಕ ಗುಂಯ್‌ಗುಟ್ಟಿತು. ಪರದೆಯ ಮೇಲೆ ‘ಐದು’ ಎಂಬ ಅಂಕಿ ಮೂಡಿತು.

“ಐದೇ ಅದ ನೋಡ್ರಿ, ಇಂದುಮತಿಯವರೇ. ಔಷಧ ಛಲೋ ಹತ್ತೇತಿ,” ಎಂದರು ಡಾಕ್ಟರ್ ಫರೀದಾ ಮುಲ್ಲಾ.

“ಮೂರನೇ ಒಳಬಗಿಯವರು ಯಾರೂ ಇತ್ಲಾಗ ಬರೂದ ಇಲ್ಲೇನ್ರಿ ಮೇಡಂ?”

“ಆರಾಮ ಇದ್ದವರು ದವಾಖಾನಿಗೆ ಯಾಕ ಬರ್ತಾರ?” ಡಾಕ್ಟರು ನಕ್ಕರು.

ಹುಬ್ಬಳ್ಳಿಯ ಆ ಆಸ್ಪತ್ರೆಗೆ ಶೋಧಕ ಬಂದು ವರ್ಷದ ಮೇಲಾಗಿತ್ತು. ಬೆನ್ನೆಲುಬು, ಕೀಲುಗಳು ಉರಿಯೂತದಿಂದ ಬಿಗಿದುಕೊಳ್ಳುವ ಈ ಕಾಯಿಲೆಯನ್ನು ಮೊದಲು ಒಂದೇ ಎಂದು ತಿಳಿದಿದ್ದರು. ನೋವು ಒಂದೇ ಥರ ಕಂಡರೂ ರಕ್ತದಲ್ಲಿ ಉರಿ ಹೊತ್ತಿಸುವ ಸಂದೇಶವಾಹಕ ಪ್ರೋಟೀನುಗಳು ಬೇರೆ ಬೇರೆ. ಹಾಗಾಗಿ ಒಬ್ಬರಿಗೆ ಅಮೃತವಾದ ಔಷಧ ಇನ್ನೊಬ್ಬರಿಗೆ ಬರೀ ನೀರು. ಶೋಧಕ ಆ ಪ್ರೋಟೀನುಗಳನ್ನು ಗುರುತು ಹಿಡಿದು ರೋಗಿಯ ಕಾಯಿಲೆ ಯಾವ ಒಳಬಗೆಯದೆಂದು ಹೇಳುತ್ತಿತ್ತು. ಐದನೆಯವರಿಗೆ ತಿಂಗಳಿಗೊಮ್ಮೆ ಇಲ್ಲೇ ಡ್ರಿಪ್. ಮೂರನೆಯವರಿಗೆ ಮಾತ್ರೆ, ಅದೂ ಮನೆಗೇ ಬರುತ್ತಿತ್ತು. ಆಸ್ಪತ್ರೆಯ ಮುಖ ನೋಡಬೇಕಿಲ್ಲ. ಎಂಥ ಸುಖ! ವಿಜ್ಞಾನಿಗಳು ಹಿಗ್ಗಿದರು. ಹಿಗ್ಗಲಿ ಪಾಪ, ಅವರ ತಪ್ಪೇನಿದೆ?

ಶೋಧಕ ಬರುವ ಮುನ್ನ ಎಲ್ಲರಿಗೂ ಒಂದೇ ಡ್ರಿಪ್, ಒಂದೇ ಹಾಲ್. ಈ ಕಾಯಿಲೆಯವರು ಕೂತಷ್ಟೂ ಸೆಟೆದುಕೊಳ್ಳುತ್ತಾರೆ, ನಡೆದರೆ ಸಡಿಲಾಗುತ್ತಾರೆ. ಅದಕ್ಕೇ ಸರದಿ ಬರುವ ತನಕ ಟೇಲರ್ ಇಂದುಮತಿ, ಸಿಟಿ ಬಸ್ ಡ್ರೈವರ್ ರೇವಣೆಪ್ಪ ಹಲಗತ್ತಿ ಇಬ್ಬರೂ ವೆರಾಂಡಾದಲ್ಲಿ ಅಡ್ಡಾಡುತ್ತಿದ್ದರು. ಬೆನ್ನು ಸಡಿಲಾದ ಮೇಲೂ ಅಡ್ಡಾಡುತ್ತಿದ್ದರು. ಅವಳು ಈ ಬೆನ್ನಿನ ದೆಸೆಯಿಂದಲೇ ಮದುವೆ ಒಲ್ಲೆ ಎಂದವಳು. ಅವನು ಹೆಂಡತಿಯನ್ನು ಕಳೆದುಕೊಂಡವನು. ಫೋನ್ ನಂಬರ್ ಕೇಳಿದರೆ ಏನು ತಿಳಿದುಕೊಳ್ಳುತ್ತಾರೋ ಎಂದು ಇಬ್ಬರಿಗೂ ಸಂಕೋಚ. ಬರುವ ತಿಂಗಳು ಸಿಕ್ಕೇ ಸಿಗುತ್ತೇವಲ್ಲ ಎಂಬ ಧೈರ್ಯ ಬೇರೆ. ಶೋಧಕ ಬಂತು, ಅವನನ್ನು ಮೂರಕ್ಕೆ ಹಾಕಿತು, ಅವನು ಮತ್ತೆ ಕಾಣಲಿಲ್ಲ.

ಈಗ ಇಂದುಮತಿಗೆ ನೋವಿಲ್ಲ. ಬೆಳಿಗ್ಗೆ ಥಟ್ಟನೆ ಏಳುತ್ತಾಳೆ. ಅಂಗಡಿಯ ಮುಂದೆ ಬಸ್ ನಿಂತರೆ ಹೊಲಿಗೆ ಬಿಟ್ಟು ಡ್ರೈವರಿನ ಮುಖ ನೋಡುತ್ತಾಳೆ. ಆ ಮನುಷ್ಯ ಬೇಕಾಗಿತ್ತು ಅವಳಿಗೆ, ಅಷ್ಟೇ.

“ಯಾರನ್ನ ಹುಡುಕಾಕ ಹತ್ತೀರಿ?” ಡಾಕ್ಟರೇ ಕೇಳಿದರು.

“ರೇವಣೆಪ್ಪನವರು ಅಂತ... ಬಸ್ ಹೊಡೀತಿದ್ರಲ್ರಿ.”

ಡಾಕ್ಟರ ನಗು ಆರಿಹೋಯಿತು. “ಅವರು ಮ್ಯಾಲಿನ ವಾರ್ಡಿನ್ಯಾಗ ಅದಾರ. ಎಷ್ಟೋ ತಿಂಗಳಿಂದ ಮಾತ್ರಿ ಮುಟ್ಟೇ ಇಲ್ಲ. ‘ಬ್ಯಾನಿ ಹೆಚ್ಚಾದ್ರ ಮತ್ತ ಡ್ರಿಪ್ಪಿಗೆ ಕರೀತೀರಿ ಅಂತ ಮಾಡಿದ್ದೆ’ ಅಂದ್ರು. ‘ಬ್ಯಾನಿ ಹೆಚ್ಚಾದ್ರ ಒಳಬಗಿ ಬದಲಾಗೂದಿಲ್ರಿ’ ಅಂತ ಬೈದೆ. ಯಾಕ ಹಿಂಗ ಮಾಡಿದ್ರೋ, ಈಗ ತಿಳೀತು ನೋಡ್ರಿ.”

ಇಂದುಮತಿ ಮೆಟ್ಟಿಲು ಹತ್ತಿ ಓಡಿದಳು. ರೇವಣೆಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಹೆಜ್ಜೆ ಸಪ್ಪಳಕ್ಕೂ ತಿರುಗಲಿಲ್ಲ. ಕುತ್ತಿಗೆ ಮರದ ಕೊರಡಾಗಿತ್ತು. ಅವಳೇ ಸುತ್ತಿ ಬಂದು ಎದುರು ನಿಂತಳು.

“ಬುದ್ಧಿ ಎಲ್ಲಿಟ್ಟಿದ್ರಿ? ಇದೆಲ್ಲಾ ಯಾಕ ಬೇಕಿತ್ತು?”

“ಇದೊಂದು ದವಾಖಾನಿ ಬಿಟ್ರ ನೀವೆಲ್ಲಿ ಸಿಗ್ತೀರಿ ಅಂತ ನನಗ ಗೊತ್ತಿರಲಿಲ್ರಿ.” ಅವನು ತಡವರಿಸಿದ. “ಈಗರೆ ಕೇಳ್ತೀನಿ. ನಿಮ್ಮ ಮನಿ ಎಲ್ಲೈತ್ರಿ?”

ಅವಳಿಗೆ ಅಳು ಒತ್ತರಿಸಿ ಬಂತು, ಸಿಟ್ಟೂ ಬಂತು.

“ಹೇಳೂದಿಲ್ಲ. ನಾನ ನಿಮ್ಮ ಮನಿಗೆ ಬರ್ತೀನಿ. ಮಾತ್ರಿ ನುಂಗಿಸಾಕ ದಿನಾ ಒಬ್ರು ಬೇಕಲ್ಲ ನಿಮಗ. ಆಗಬಹುದಿಲ್ಲೋ?”

ರೇವಣೆಪ್ಪ ತಲೆ ಆಡಿಸಲು ಹೋದ. ಆಗಲಿಲ್ಲ. ಕಡೆಗೆ ಬಾಯಿ ಬಿಟ್ಟೇ ಹೇಳಬೇಕಾಯಿತು.

“ಬರ್ರಿ,” ಎಂದ.