ನನ್ನ ಪುಡಿಯೇ ಸರಿ ಇರಲಿಲ್ಲ

"ಆ ಮೀನನ್ನ ಮೊದಲು ನೀರಿಗೆ ಬಿಡ್ರೀ!"

ಕೊಳದ ದಂಡೆಯಲ್ಲಿ ಮಂಡಿಯೂರಿ ಕೂತಿದ್ದ ಅಪರಿಚಿತ ಬೆಚ್ಚಿಬಿದ್ದ. ಅವನ ಕೈಯಲ್ಲಿದ್ದ ಮೀನಿನ ಮರಿ ಜಾರಿ ನೀರಿಗೆ ಬಿತ್ತು. ಬಕೆಟ್ ಹಿಡಿದು ಓಡಿಬಂದ ಹುಡುಗಿಯ ಮುಖ ಕೆಂಡವಾಗಿತ್ತು. ಅಲ್ಲ, ಯಾರನ್ನೂ ಕೇಳದೆ ಬೇಲಿ ದಾಟಿ ಬಂದು ಮೀನಿಗೆ ಕೈ ಹಾಕೋದು ಅಂದರೆ ಏನು ತಮಾಷೆನಾ?

"ಯಾರ್ರೀ ನೀವು?"

"ಪೇಟೇಲಿ ಮೀನಿನ ಔಷಧಿ, ಪೌಷ್ಟಿಕ ಪುಡಿ ಮಾರೋ ಅಂಗಡಿ ಇಟ್ಟಿದ್ದೀನಿ. ನಿಮ್ಮ ತಂದೆಯವರು ಬಾ ಅಂದಿದ್ರು..."

"ಕೊಳ ನೋಡಿಕೊಳ್ಳೋಳು ನಾನು. ನನ್ನನ್ನ ಕೇಳಬೇಕು!"

"ತಪ್ಪಾಯ್ತು. ಈಗ ನಿಮ್ಮನ್ನೇ ಕೇಳ್ತೀನಿ ಮೇಡಂ... ಮರಿಗಳ ಬೆನ್ನು ಡೊಂಕಾಗ್ತಿರೋದು ನೋಡಿದ್ದೀರಾ?"

ನೋಡಿರಲಿಲ್ಲ! ಅವಳು ಬಗ್ಗಿ ನೋಡಿದರೆ ನಿಜ, ಒಂದಲ್ಲ ಎರಡಲ್ಲ, ಎಷ್ಟೋ ಮರಿಗಳು ಸೊಟ್ಟಗೆ ಈಜುತ್ತಿದ್ದವು.

"ವಿಟಮಿನ್ ಸಿ ಸಾಲದೆ ಹೀಗಾಗುತ್ತೆ. ಡೊಂಕಾದದ್ದು ಇನ್ನು ನೆಟ್ಟಗಾಗಲ್ಲ. ಮುಂದಿನ ಮರಿಗಳನ್ನಾದರೂ ಉಳಿಸೋಣ. ಈ ಪುಡೀನ ತಿಂಡಿಗೆ ಕಲಸಿ ಹಾಕಿ."

ತಿಂಡಿ ಕಲಸುವುದು ಅಪ್ಪನ ಕೆಲಸ. ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋದಮೇಲೆ ಕೊಳ, ಬಲೆ, ವ್ಯಾಪಾರ ಎಲ್ಲವೂ ಮಗಳ ಪಾಲಿಗೆ ಬಂದಿತ್ತು. ಅಪ್ಪನಿಗೆ ಉಳಿದದ್ದು ಇದೊಂದೇ. ಶೆಡ್ಡಿನಲ್ಲಿ ಒಲೆ ಹಚ್ಚಿ ಅಂಟಿಗೆ ಗಂಜಿ ಕಾಯಿಸಿ, ಅದಕ್ಕೆ ಪುಡಿ ಹಾಕಿ, ಮೀನಿನ ತಿಂಡಿಯ ಕಾಳಿಗೆ ಎಡಗೈಯಲ್ಲೇ ಹಚ್ಚುತ್ತಿದ್ದರು.

ಅಂಗಡಿಯವನು ವಾರವಾರ ಬರತೊಡಗಿದ. ಅವಳು ಅವನಿಗೆ 'ಪುಡಿ ಡಾಕ್ಟ್ರು' ಅಂತ ಹೆಸರಿಟ್ಟಳು. ಅವನು ಬರುವ ದಿನ ತಲೆ ಬಾಚಿಕೊಳ್ಳುವ ಹೊಸ ಅಭ್ಯಾಸ ಬೇರೆ ಶುರುವಾಯಿತು!

"ಪುಡಿ ಡಾಕ್ಟ್ರೇ, ಮೀನು ನೋಡೋಕೆ ಬಂದ್ರಾ, ಇಲ್ಲ ಕಾಫಿಗೆ ಬಂದ್ರಾ?"

"ಎರಡಕ್ಕೂ ಅಲ್ಲ..." ಎಂದವನು ತಡವರಿಸಿ, "ಮುಂದಿನ ಸಲ ಹೇಳ್ತೀನಿ" ಎಂದು ಸ್ಕೂಟರ್ ಹತ್ತಿ ಹೋಗಿಬಿಟ್ಟ.

ಸ್ಕೂಟರ್ ಮರೆಯಾಗುವವರೆಗೂ ಅವಳು ದಾರಿ ನೋಡುತ್ತಿದ್ದಳು. 'ಹೇಳಲಿ... ಬೇಗ ಹೇಳಲಿ!'

ಆದರೆ ಮುಂದಿನ ಸಲ ಅವನು ಬರುವಷ್ಟರಲ್ಲಿ ಹೊಸ ಮರಿಗಳ ಬೆನ್ನೂ ಡೊಂಕಾಗಿತ್ತು.

"ಇಷ್ಟು ದಿನ ನಿಮ್ಮ ಪುಡಿ ತಿಂದೂ ಹೀಗ್ಯಾಕೆ?" ಅವಳು ಬಕೆಟ್ ಕುಕ್ಕಿದಳು.

ಅವನು ನೇರವಾಗಿ ಅಪ್ಪ ಇದ್ದ ಶೆಡ್ಡಿಗೆ ಹೋದ. ಹೊರಬಂದಾಗ ಮುಖ ಬಾಡಿತ್ತು.

"ನನ್ನ ಪುಡಿಯೇ ಸರಿ ಇರಲಿಲ್ಲ. ಹಳೇ ದಾಸ್ತಾನು. ಸತ್ವ ಹೋಗಿತ್ತು."

"ಗೊತ್ತಿದ್ದೂ ಕೊಟ್ರಾ?"

ಅವನು ತಲೆ ತಗ್ಗಿಸಿದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. "ನಾಚಿಕೆ ಆಗಲ್ವಾ ನಿಮಗೆ? ಬಾಯಿಲ್ಲದ ಜೀವಗಳಿಗೆ ಸತ್ತ ಪುಡಿ ತಿನ್ನಿಸಿ, ಮೇಲೆ ನನ್ನೆದುರು ನಗ್ತಾ ಕಾಫಿ ಕುಡಿದ್ರಲ್ಲ! ತೊಲಗಿ ಇಲ್ಲಿಂದ!"

ಅಷ್ಟಕ್ಕೇ ಬಿಟ್ಟಳಾ? ಊಹೂಂ. ಮೀನು ಸಾಕುವವರ ಸಂಘದಲ್ಲಿ ಎದ್ದುನಿಂತು ಎಲ್ಲರೆದುರು ಅವನ ಮಾನ ಹರಾಜು ಹಾಕಿದಳು. ಅವನ ಅಂಗಡಿಗೆ ಗಿರಾಕಿಗಳು ಬರೋದೇ ನಿಂತುಹೋಯಿತು. ಮನೆಗೆ ಬಂದು ಪಂಪಿನ ಕೋಣೆ ಹಿಂದೆ ಕೂತು ಬಿಕ್ಕಿಬಿಕ್ಕಿ ಅತ್ತಳು. 'ಥೂ, ಇಂಥವನಿಗೋಸ್ಕರ ತಲೆ ಬಾಚಿಕೊಂಡೆನಲ್ಲ!'

ಬೇರೆ ಅಂಗಡಿಯ ಪುಡಿ ಬಂತು. ಹೊಸ ಮರಿಗಳು ನೆಟ್ಟಗೆ ಬೆಳೆದವು. ನೋಡಿ ಖುಷಿಪಡಬೇಕಿತ್ತು, ಆದರೆ ಅವಳಿಗೆ ಊಟವೇ ಸೇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಪ್ಪನಿಗೆ ಸಹಾಯ ಮಾಡೋಣ ಅಂತ ಶೆಡ್ಡಿಗೆ ಹೋದಳು. ಕುದಿಯುವ ಗಂಜಿಯ ಮೇಲೆ ಪುಡಿಯ ಪೊಟ್ಟಣ ಬಿಚ್ಚಿ ಹಿಡಿದಳೋ ಇಲ್ಲವೋ...

"ಅಯ್ಯೋ, ಹಾಕಬೇಡ ಕಣೇ! ಆರಲಿ, ಆರಲಿ! ಬಿಸೀಲಿ ವಿಟಮಿನ್ ಸತ್ತುಹೋಗುತ್ತೆ!"

ಅವಳು ಪೊಟ್ಟಣ ಹಿಡಿದೇ ನಿಂತಳು. "ಇದನ್ನ ನಿಮಗೆ ಯಾರು ಹೇಳಿದ್ದಪ್ಪಾ?"

ಅಪ್ಪ ಗೋಡೆ ನೋಡಿದರು.

"ಯಾರಪ್ಪಾ?"

"ಅವನೇ... ಆ ಹುಡುಗ. ಬಿಸಿಬಿಸಿ ಇದ್ರೆ ಚೆನ್ನಾಗಿ ಕರಗುತ್ತೆ ಅಂತ ನಾನು ಕುದಿಯೋ ಗಂಜಿಗೇ ಸುರೀತಿದ್ದೆ. ಅವತ್ತು ಬಂದು ನೋಡಿಬಿಟ್ಟ. ಪುಡಿ ಸರಿಯಾಗೇ ಇತ್ತು ಪುಟ್ಟಿ. ಮಗಳಿಗೆ ಹೇಳಬೇಡಪ್ಪ, ಈ ಕೆಲಸಾನೂ ಕಿತ್ಕೊಂಡ್ರೆ ನಾನು ಮೂಲೆ ಸೇರ್ತೀನಿ ಅಂತ ಅವನ ಕೈ ಹಿಡ್ಕೊಂಡೆ."

"ಅವರ ಅಂಗಡಿ ಮುಳುಗ್ತಿದ್ರೂ ಬಾಯಿ ಬಿಡಲಿಲ್ವಾ?"

"ಇವತ್ತು ಹೇಳೋಣ, ನಾಳೆ ಹೇಳೋಣ ಅಂತ..." ಅಪ್ಪನ ಕಣ್ಣು ತುಂಬಿತು.

ಅವಳಿಗೆ ಅಳುವೂ ಬಂತು, ಅದಕ್ಕಿಂತ ಹೆಚ್ಚು ಸಿಟ್ಟೂ ಬಂತು. "ನಾನು ನಿಮ್ಮ ಕೆಲಸ ಕಿತ್ಕೋತೀನಾ? ನನ್ನನ್ನ ಅಷ್ಟು ಕಟುಕಿ ಅಂದ್ಕೊಂಡ್ರಾ? ಏಳಿ, ಚಪ್ಪಲಿ ಹಾಕ್ಕೊಳ್ಳಿ. ಹೋಗೋಣ!"

ಪೇಟೆಯ ಅಂಗಡಿಯಲ್ಲಿ ಅವನು ಒಬ್ಬನೇ ಪುಡಿ ಡಬ್ಬಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ.

"ಎಲ್ಲಿಗೆ ಹೊರಟ್ರಿ?"

"ಅಂಗಡಿ ಮುಚ್ತಿದ್ದೀನಿ ಮೇಡಂ."

"ಮುಚ್ಚಿ ನೋಡಿ, ಗೊತ್ತಾಗುತ್ತೆ! ಅಪ್ಪ ಎಲ್ಲಾ ಹೇಳಿದ್ರು. ಈಗ ಅವರೇ ಸಂಘದಲ್ಲಿ ಕೂತು ಅದನ್ನೇ ಹೇಳ್ತಿದ್ದಾರೆ."

ಅವನ ಕೈಯಲ್ಲಿದ್ದ ಡಬ್ಬ ಅಲ್ಲೇ ನಿಂತಿತು.

"ಸುಳ್ಳು ಹೇಳೋಕೆ ನಿಮಗೆ ಯಾರ್ರೀ ಅಧಿಕಾರ ಕೊಟ್ಟದ್ದು?" ಕಣ್ಣೀರು ಒರೆಸಿಕೊಳ್ಳುತ್ತಲೇ ಗದರಿದಳು. "ನೀವು ದೊಡ್ಡವರಾದ್ರಿ, ತ್ಯಾಗಿ ಆದ್ರಿ. ನಾನು? ಒಳ್ಳೇ ಮನುಷ್ಯನ್ನ ಬೀದಿಗೆ ತಳ್ಳಿದ ಪಾಪಿ ಆದೆ! ನನ್ನನ್ನ ನಂಬಿ ಒಂದು ಮಾತು ಹೇಳಿದ್ರೆ ಇಷ್ಟೆಲ್ಲಾ ಆಗ್ತಿತ್ತಾ?"

"ನಿಮ್ಮಪ್ಪ ಅತ್ತುಬಿಟ್ರು..."

"ನಾನೂ ಅತ್ತೆ! ಅದು ನಿಮಗೆ ಗೊತ್ತಾ?"

ಅವನು ತಲೆ ಎತ್ತಿ ಅವಳನ್ನೇ ನೋಡಿದ.

"ಗೊತ್ತಿರಲಿಲ್ಲ. ತಪ್ಪಾಯ್ತು."

"ನಾನೂ ವಿಚಾರಿಸದೆ ಊರೆಲ್ಲಾ ಸಾರಿದೆ. ನಂದೂ ತಪ್ಪೇ, ಕ್ಷಮಿಸಿ." ದನಿ ಮೆತ್ತಗಾಯಿತು. "ಈಗ ಒಂದು ಕೇಳ್ತೀನಿ. ಯಾರಿಗೆ ನೋವಾದ್ರೂ ಆಗಲಿ, ನಿಜ ಹೇಳಬೇಕು. ಮುಂದಿನ ಸಲ ಹೇಳ್ತೀನಿ ಅಂದಿದ್ರಲ್ಲ... ಏನದು?"

"ನೀವು ಅಂದ್ರೆ ನನಗೆ ಪ್ರಾಣ."

"ಸಂಘದಲ್ಲಿ ಅಷ್ಟು ಬೈದಮೇಲೂ?"

"ಬೈದಮೇಲೂ. ಆದರೆ ನಿಜ ಹೇಳಲಾ? ತುಂಬಾ ನೋವಾಯ್ತು. ಈಗಲೂ ನೋಯ್ತಿದೆ."

ಅವಳು ಪೆಟ್ಟಿಗೆ ದಾಟಿ ಬಂದು ಅವನ ಪುಡಿ ಮೆತ್ತಿದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹೀಗೇ ಹೇಳ್ತಾ ಇರಿ... ನೋವಾದ್ರೆ ನೋವಾಯ್ತು ಅಂತ. ನಾನು ಇಲ್ಲೇ ಇರ್ತೀನಿ."